ಕರಿಘಟ್ಟದ ತಪ್ಪಲಿನ ರಾಟವಾಳ

ಅಕ್ಟೋಬರ್ ಕೊನೆಯ ವಾರ. ಮೈಸೂರಿನಿಂದ ಮೊದಲ ಬಸ್ಸು ಹಿಡಿದು ಶ್ರೀರಂಗಪಟ್ಟಣದಲ್ಲಿ ಇಳಿದಾಗ ಇನ್ನೂ ಮಂಜು ಕರಗಿರಲಿಲ್ಲ. ಹಕ್ಕಿ ನೋಡುವವರು ಇಲ್ಲಿಂದ ರಂಗನತಿಟ್ಟಿನ ದಾರಿ ಹಿಡಿಯುವುದು ರೂಢಿ. ನಾನು ಕರಿಘಟ್ಟದ ಕಡೆ ನಡೆದೆ. ಹಿಂದಿನ ವಾರ ಅಲ್ಲಿ ಕಂಡ ಪುಟ್ಟ ಕಾಳುಹಕ್ಕಿಯೊಂದರ ಹೆಸರು ತಿಳಿಯದೆ ಮರಳಿದ್ದೆ. ಅದು ಮನಸ್ಸಿನಲ್ಲೇ ಕೊರೆಯುತ್ತಿತ್ತು.

ಲೋಕಪಾವನಿ ಹೊಳೆಯ ಆಚೆ ಗದ್ದೆಗಳಲ್ಲಿ ಭತ್ತ ಹಾಲುಗಾಳು ಕಟ್ಟಿತ್ತು. ಬದುವಿನ ಜಾಲಿಗಿಡದ ಮೇಲೆ ಅದೇ ಹಕ್ಕಿ ಕುಳಿತಿತ್ತು. ಮೈಯೆಲ್ಲ ಮಾಸಲು ಕಂದು, ದಪ್ಪ ಗಿಡ್ಡ ಕೊಕ್ಕು, ಒಂದು ಗುರುತೂ ಇಲ್ಲ. ರಾಟವಾಳ ಎಂದರೆ ಮುನಿಯಾ ಎಂಬ ಪುಟ್ಟ ಕಾಳುಹಕ್ಕಿ. ಕೆಂಪು ರಾಟವಾಳದ ಹೆಣ್ಣಿರಬಹುದೆಂದರೆ ಬಾಲದ ಬುಡದಲ್ಲಿ ಕೆಂಪಿರಲಿಲ್ಲ. (ಅಹಮದಾಬಾದಿನಿಂದ ಪಂಜರಗಳಲ್ಲಿ ಹೊರದೇಶಗಳಿಗೆ ಹೋದದ್ದರಿಂದ ಆ ಹಕ್ಕಿಗೆ ಆ ಊರಿನ ಹೆಸರೇ ಅಪಭ್ರಂಶವಾಗಿ ಅಮಂಡವ ಎಂಬ ವೈಜ್ಞಾನಿಕ ಹೆಸರು ಬಂತು. ಹೆಸರಿನಲ್ಲೇ ಸೆರೆ ಉಳಿದಿರುವುದು ನನಗೆ ನೋವಿನ ಸಂಗತಿ.) ಬಾಲ ಕಪ್ಪಾಗಿ ಚೂಪಾಗಿದ್ದರೆ ಒಣಹೊಲಗಳ ಬಿಳಿಚು ರಾಟವಾಳ ಎನ್ನಬಹುದಿತ್ತು, ಅದೂ ಅಲ್ಲ.

ಗದ್ದೆಯ ಯಜಮಾನರು ಬಂದು ನಿಂತರು. "ಏನಪ್ಪ, ಅಷ್ಟು ಹೊತ್ತಿನಿಂದ ಏನು ನೋಡುತ್ತಿದ್ದೀಯೆ?"

"ಈ ಹಕ್ಕಿ ಯಾವುದೆಂದು ತಿಳಿಯುತ್ತಿಲ್ಲ ಯಜಮಾನರೇ."

"ತಾಳು, ಅದರ ಅವ್ವ ಬರುತ್ತದೆ."

ಬಂತು. ಚಾಕೊಲೇಟ್ ಬಣ್ಣದ ತಲೆ, ಬಿಳಿ ಎದೆಯ ತುಂಬ ಮೀನಿನ ಹುರುಪೆಯಂಥ ಕಂದು ಗೆರೆಗಳು. ಚುಕ್ಕೆ ರಾಟವಾಳ! ಮರಿ ಗುಬ್ಬಿಮರಿಯಂತೆ ರೆಕ್ಕೆ ಅದುರಿಸಲಿಲ್ಲ. ಮೈ ಕುಗ್ಗಿಸಿ, ಕತ್ತು ತಿರುಚಿ, ಕೊಕ್ಕನ್ನು ಮೇಲಕ್ಕೆ ತೆರೆಯಿತು. ತಾಯಿ ಕುತ್ತಿಗೆಯ ಚೀಲದಲ್ಲಿ ತುಂಬಿ ತಂದ ಕಾಳನ್ನು ಕಕ್ಕಿ ಉಣಿಸಿತು. ಎದೆಯ ಹುರುಪೆ, ತಲೆಯ ಗಾಢ ಬಣ್ಣ ಎರಡೂ ಈ ಮರಿಗೆ ಇನ್ನು ಮೇಲೆ ಮೂಡಬೇಕು. ಗಿಡದ ಒಳಗೆ ಹುಲ್ಲಿನ ಎಸಳುಗಳ ಗುಂಡನೆಯ ಗೂಡಿತ್ತು, ಬಾಗಿಲು ಪಕ್ಕಕ್ಕೆ. ನಾನು ಹತ್ತಿರ ಹೋಗಲಿಲ್ಲ.

ಬಿಸಿಲೇರುವ ಹೊತ್ತಿಗೆ ತಂತಿಬೇಲಿಯ ಮೇಲೆ ಒಂದು ಗಂಡು ತಲೆಯ ಗರಿ ಉಬ್ಬಿಸಿ, ಮೈ ಓರೆ ಮಾಡಿ ಕುಳಿತಿತು. ಗಂಟಲು ಅಲುಗುತ್ತಿತ್ತು, ಕೊಕ್ಕು ನಡುಗುತ್ತಿತ್ತು. ಹತ್ತು ಹೆಜ್ಜೆ ದೂರದಲ್ಲಿದ್ದ ನನಗೆ ಏನೂ ಕೇಳಿಸಲಿಲ್ಲ. ರಾಟವಾಳದ ಹಾಡು ಅಷ್ಟು ಮೆಲು. ಪಕ್ಕದ ಹಕ್ಕಿ ಸರಿದು ಬಂದು, ಹಾಡುಗಾರನ ಕೊಕ್ಕಿಗೆ ತಾಗುವಷ್ಟು ಹತ್ತಿರ ತಲೆ ಚಾಚಿ ಅಲುಗಾಡದೆ ಆಲಿಸಿತು. ಇನ್ನೊಂದು ಅದರ ಹಿಂದೆ ಬಂದು ಕುಳಿತಿತು.

ಆ ಹೊತ್ತಿಗೆ ಯಜಮಾನರು ತಗಡಿನ ಡಬ್ಬ ಬಡಿದರು. ಭತ್ತದೊಳಗಿಂದ ನಲವತ್ತು ಐವತ್ತು ರಾಟವಾಳಗಳು ಒಟ್ಟಿಗೆ ಎದ್ದು, ಕಾಲುವೆ ದಾಟಿ ಕಬ್ಬಿನ ಗದ್ದೆಯ ಬದುವಿನ ಹುಲ್ಲಿಗೆ ಇಳಿದವು.