ಎಕೋ ಪರದೆಯ ಬಣ್ಣವೂ ಕವಾಟದ ಸೋರಿಕೆಯೂ

ಕಾಸರಗೋಡಿನ ಹೃದ್ರೋಗ ವಿಭಾಗವೊಂದರಲ್ಲಿ ಎಕೋ, ಅಂದರೆ ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ, ಮಾಡುವುದು ನನ್ನ ಕೆಲಸ. ಹೃದಯದ ಎಡಭಾಗದ ಮೇಲಿನ ಕೋಣೆ (ಹೃತ್ಕರ್ಣ) ಮತ್ತು ಕೆಳಗಿನ ಕೋಣೆಯ (ಹೃತ್ಕುಕ್ಷಿ) ನಡುವಿನ ಮೈಟ್ರಲ್ ಕವಾಟದ ಸೋರಿಕೆ ಎಷ್ಟು ತೀವ್ರವಾಗಿದೆ ಎಂಬುದನ್ನು ಪರದೆಯ ಮೇಲೆ ಹರಡುವ ಬಣ್ಣವನ್ನು ನೋಡಿಯೇ ತೀರ್ಮಾನಿಸಬಾರದೆಂದು ಈ ಕೆಲಸ ನನಗೆ ಮತ್ತೆ ಮತ್ತೆ ಕಲಿಸಿದೆ.

ರಕ್ತದ ಹರಿವನ್ನು ಬಣ್ಣದಲ್ಲಿ ಕಾಣಿಸುವ ಕಲರ್ ಡಾಪ್ಲರ್ ತೋರಿಸುವುದು ರಕ್ತದ ವೇಗವನ್ನೇ ಹೊರತು ಹಿಂದಕ್ಕೆ ಹರಿದ ರಕ್ತದ ಪ್ರಮಾಣವನ್ನಲ್ಲ. ಅಡಿಕೆ ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ಸ್ವಲ್ಪವೇ ನೀರು ದೂರಕ್ಕೆ ಚಿಮ್ಮುವಂತೆ, ರಕ್ತದೊತ್ತಡ ಏರಿದ್ದಾಗ ಸಣ್ಣ ಸೋರಿಕೆಯೂ ಎಡ ಹೃತ್ಕರ್ಣದ ತುಂಬ ಹರಡಿದಂತೆ ಕಾಣುತ್ತದೆ. ಯಂತ್ರದಲ್ಲಿ ಕಲರ್ ಗೇನ್ (ಬಣ್ಣದ ಸಂಕೇತವನ್ನು ವರ್ಧಿಸುವ ಮಟ್ಟ) ಹೆಚ್ಚಿಸಿದರೂ, ಬಣ್ಣದ ಮಾಪಕದ ವೇಗದ ಮಿತಿಯನ್ನು ಇಳಿಸಿದರೂ ಹೀಗೆಯೇ ಆಗುತ್ತದೆ. ಆದ್ದರಿಂದ ಆ ಮಿತಿಯನ್ನು ಸೆಕೆಂಡಿಗೆ 50ರಿಂದ 60 ಸೆಂಟಿಮೀಟರಿನ ಆಸುಪಾಸಿನಲ್ಲಿಟ್ಟು, ಪರೀಕ್ಷೆಯ ಹೊತ್ತಿನ ಬಿ.ಪಿ.ಯನ್ನೂ ವರದಿಯಲ್ಲಿ ಬರೆಯುತ್ತೇನೆ. ನಮ್ಮಲ್ಲಿಯ ರೋಗಿಗಳು ಹೆಚ್ಚಿನ ಚಿಕಿತ್ಸೆಗೆ ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಅಲ್ಲಿಯ ವೈದ್ಯರು ಎರಡು ವರದಿಗಳನ್ನು ಹೋಲಿಸಬೇಕಾದರೆ ಈ ವಿವರ ಬೇಕೇ ಬೇಕು.

ಬಣ್ಣ ಕಡಿಮೆ ಕಂಡಾಗ ಮೋಸಹೋಗುವ ಅಪಾಯ ಇದಕ್ಕಿಂತಲೂ ದೊಡ್ಡದು. ಬದಿಯಡ್ಕ ಕಡೆಯ ಕೃಷಿಕರೊಬ್ಬರು ಗುಡ್ಡ ಹತ್ತುವಾಗ ಏದುಸಿರು ಬರುತ್ತದೆಂದು ಬಂದಿದ್ದರು. ಸೋರಿಕೆ ಅಲ್ಪ ಎಂದು ಬರೆದ ಹಳೆಯ ವರದಿ ಅವರ ಕೈಯಲ್ಲಿತ್ತು. ಎಡಮಗ್ಗುಲಿಗೆ ಮಲಗಿಸಿ ಪ್ರೋಬ್ ಇಟ್ಟಾಗ ನನಗೂ ಮೊದಲು ಕಂಡದ್ದು ಹೃತ್ಕರ್ಣದ ಗೋಡೆಗೆ ಅಂಟಿಕೊಂಡು ಸಾಗುವ ತೆಳುವಾದ ಪಟ್ಟಿ ಮಾತ್ರ. ಆದರೆ ಹೃತ್ಕರ್ಣ ಹಿಗ್ಗಿತ್ತು, ಕವಾಟದ ಹಿಂದಿನ ಎಸಳು ಹೊರಳಿ ಬೀಳುತ್ತಿತ್ತು. ಇಂತಹ ಧಾರೆ ಗೋಡೆಗೆ ಒತ್ತಿ ಹರಿಯುವುದರಿಂದ ಅದರ ಹರವು ನಿಜಕ್ಕಿಂತ ಬಹಳ ಚಿಕ್ಕದಾಗಿ ತೋರುತ್ತದೆ. ಚಿತ್ರವನ್ನು ಹಿಗ್ಗಿಸಿ, ಧಾರೆಯು ಕವಾಟವನ್ನು ದಾಟುವಲ್ಲಿ ಅತಿ ಕಿರಿದಾದ ಕುತ್ತಿಗೆಯನ್ನು ಅಳೆದಾಗ ಅದು 7 ಮಿಲಿಮೀಟರಿಗಿಂತ ಹೆಚ್ಚಿತ್ತು. ಶ್ವಾಸಕೋಶದ ಅಭಿಧಮನಿಯಲ್ಲಿ ಹೃದಯ ಸಂಕುಚಿಸುವ ಹೊತ್ತಿನಲ್ಲಿ ರಕ್ತ ಹಿಮ್ಮುಖವಾಗಿ ಹರಿಯುತ್ತಿತ್ತು. ಎರಡೂ ತೀವ್ರ ಸೋರಿಕೆಯ ಲಕ್ಷಣಗಳು.

"ಸೋರುವುದು ಜಾಸ್ತಿ ಉಂಟಾ ಡಾಕ್ಟ್ರೇ?" ಎಂದು ಅವರು ಕೇಳಿದರು. ಜಾಸ್ತಿಯೇ ಇದೆ, ಇದನ್ನು ಮುಂದೂಡುವುದು ಬೇಡ ಎಂದು ನೇರವಾಗಿ ಹೇಳಿದೆ. ಎಡ ಹೃತ್ಕುಕ್ಷಿಯ ಇಜೆಕ್ಷನ್ ಫ್ರಾಕ್ಷನ್ (ಪ್ರತಿ ಬಡಿತಕ್ಕೆ ಅದು ಹೊರದೂಡುವ ರಕ್ತದ ಪಾಲು) ಶೇಕಡಾ 60ಕ್ಕೆ ಇಳಿದರೆ ಅಥವಾ ಸಂಕುಚಿತ ಸ್ಥಿತಿಯಲ್ಲಿ ಹೃತ್ಕುಕ್ಷಿಯ ವ್ಯಾಸ 40 ಮಿಲಿಮೀಟರಿಗೆ ಏರಿದರೆ, ಉಸಿರಿನ ತೊಂದರೆ ಇಲ್ಲದವರಲ್ಲಿಯೂ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕಾಗುತ್ತದೆ. ಇವರಿಗಂತೂ ತೊಂದರೆ ಆರಂಭವಾಗಿಯೇ ಇತ್ತು.

ಎಲ್ಲರಲ್ಲಿಯೂ ಅಳತೆಗಳು ಹೀಗೆ ಒಂದೇ ಮಾತು ಹೇಳುವುದಿಲ್ಲ. ಹೊಂದಿಕೆಯಾಗದಿದ್ದರೆ ಹೃದಯದ ಎಂ.ಆರ್.ಐ. ಅಥವಾ ಅನ್ನನಾಳದ ಮೂಲಕ ಮಾಡುವ ಎಕೋ ಬೇಕಾಗುತ್ತದೆ. ಎರಡನೆಯದಕ್ಕೆ ಮಂಪರಿನ ಮದ್ದು ಕೊಡುವುದರಿಂದ ರಕ್ತದೊತ್ತಡ ತಗ್ಗಿ ಸೋರಿಕೆಯೂ ಕಡಿಮೆ ಕಾಣಬಹುದು. ಹಾಗಾಗಿ ಎಚ್ಚರವಿದ್ದಾಗ ತೆಗೆದ ಅಳತೆಗಳನ್ನು ರೋಗಿಯ ಜೊತೆಗೇ ಕಳುಹಿಸುತ್ತೇನೆ.