ಮುರಕಲ್ಲಿನ ಊರಿನಿಂದ ಸುಣ್ಣಕಲ್ಲಿನ ಊರಿಗೆ ಸೈಕಲ್

ಮಂಗಳೂರಿನಿಂದ ಹೊರಟು ಕಾರ್ಕಳ, ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತಿದ ಕಾಲಿಗೆ ಇಟಲಿಯ ಪೂಲಿಯಾ ಏನೂ ಕಷ್ಟವಲ್ಲ. ಬೂಟಿನಂತಿರುವ ಆ ದೇಶದ ಹಿಮ್ಮಡಿ ಅದು. ನಾವು ಹೋಗಬೇಕಾದ ದಾರಿಯ ಎತ್ತರದ ಊರುಗಳೂ 430 ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತವೆ. ಅಲ್ಲಿ ಕೈಕೊಡುವುದು ಕಾಲಲ್ಲ, ಅಭ್ಯಾಸ. ನಮ್ಮ ಮಳೆಗೆ, ಬೆವರಿಗೆ, ಮಾರಿಗೊಂದು ಗೂಡಂಗಡಿಗೆ ಒಗ್ಗಿಹೋದ ಸವಾರಿ ಅಲ್ಲಿಗೆ ಹೊಂದುವುದಿಲ್ಲ.

ಮೊದಲು ಚೈನಿನ ಎಣ್ಣೆ. ಕರಾವಳಿಯಲ್ಲಿ ನಾವು ಬಳಸುವುದು ಮಳೆಗೆ ತೊಳೆದುಹೋಗದ ದಪ್ಪ ಎಣ್ಣೆ. ಪೂಲಿಯಾದ ಹೊಲದ ದಾರಿಗಳಲ್ಲಿ ಏಳುವುದು ಸುಣ್ಣಕಲ್ಲಿನ ನುಣ್ಣನೆ ಧೂಳು. ಅದು ಈ ಎಣ್ಣೆಗೆ ಅಂಟಿಕೊಂಡರೆ ಎರಡೇ ದಿನಕ್ಕೆ ಚೈನಿನ ಮೇಲೆ ಬೂದು ಬಣ್ಣದ ಹಿಟ್ಟು ಕೂತು, ಮರಳುಕಾಗದದ ಹಾಗೆ ಹಲ್ಲುಗಳನ್ನು ತೇಯುತ್ತದೆ. ಹೊರಡುವ ಮುಂಚೆ ಚೈನನ್ನು ಸೀಮೆಎಣ್ಣೆಯಲ್ಲೋ ಡಿಗ್ರೀಸರಿನಲ್ಲೋ ಪೂರ್ತಿ ತೊಳೆದು, ಒಣಗಿಸಿ, ಮೇಣದ ಲೂಬ್ ಹಾಕಿ. ಪ್ರತಿ ಕೊಂಡಿಗೆ ಒಂದು ಹನಿ ಸಾಕು. ರಾತ್ರಿ ಹಾಕಿ ಬೆಳಿಗ್ಗೆ ಒರೆಸಿಬಿಡಿ. ಇನ್ನೂರು ಕಿಲೋಮೀಟರಿಗೊಮ್ಮೆ ಮತ್ತೆ ಹಾಕಿದರೆ ಆಯಿತು.

ಕಾಲದ ಲೆಕ್ಕವೂ ತಲೆಕೆಳಗು. ನಮ್ಮಲ್ಲಿ ಮಳೆ ಜೂನ್‌ನಿಂದ ಸೆಪ್ಟೆಂಬರ್. ಮೆಡಿಟರೇನಿಯನ್ ಸುತ್ತ ಮಳೆಗಾಲವೆಂದರೆ ಚಳಿಗಾಲ, ಬೇಸಿಗೆಯಲ್ಲಿ ಹನಿ ಬೀಳುವುದೇ ಅಪರೂಪ. ಏಪ್ರಿಲ್ ನಡುವಿನಿಂದ ಮೇ ಕೊನೆಯವರೆಗಿನ ಸಮಯ ನಮಗೆ ಎರಡು ಬಗೆಯಲ್ಲಿ ಅನುಕೂಲ: ಅಲ್ಲಿ ಹಿತವಾದ ಹವೆ, ಇಲ್ಲಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಣ ರಸ್ತೆಯಲ್ಲಿ ತಾಲೀಮು. ಏಪ್ರಿಲ್ 25, ಮೇ 1 ಮತ್ತು ಈಸ್ಟರ್ ಮರುದಿನದ ಸೋಮವಾರ ಅಲ್ಲಿ ರಜೆ. ಆ ರಾತ್ರಿಗಳ ಕೋಣೆ ಮೊದಲೇ ಹಿಡಿದಿಡಿ. ಆಗಸ್ಟ್ ಬೇಡವೇ ಬೇಡ. ಷೆಂಗೆನ್ ವೀಸಾಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕಡೆಯಪಕ್ಷ 15 ದಿನ ಮೊದಲು ಹಾಕಲೇಬೇಕು, ಜೊತೆಗೆ 30,000 ಯುರೋ ಮೊತ್ತದ ಪ್ರಯಾಣ ವಿಮೆ ಬೇಕು.

ವಿಮಾನಕ್ಕೆಂದು ಸೈಕಲ್ ಬಿಚ್ಚಿ ಪೆಟ್ಟಿಗೆ ಕಟ್ಟುವ ಕೆಲಸವನ್ನು ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಕಾರಣ ನಮ್ಮ ಉಪ್ಪುಗಾಳಿ. ಪಣಂಬೂರು, ಮಲ್ಪೆ ಕಡೆ ಎರಡು ಮಳೆಗಾಲ ಕಂಡ ಸೈಕಲ್ಲಿನಲ್ಲಿ ಸೀಟಿನ ಕಂಬ ಚೌಕಟ್ಟಿಗೆ, ಪೆಡಲ್ ಕ್ರ್ಯಾಂಕಿಗೆ ಕಚ್ಚಿಕೊಂಡಿರುತ್ತದೆ. ಒಂದು ತಿಂಗಳು ಮೊದಲೇ ಎಲ್ಲವನ್ನೂ ಬಿಚ್ಚಿ, ಗ್ರೀಸ್ ಹಚ್ಚಿ ಮತ್ತೆ ಜೋಡಿಸಿ. ಪೆಡಲ್ ಬಿಚ್ಚುವಾಗ ಎಡಗಡೆಯದಕ್ಕೆ ತಿರುಪಿನ ಮರೆ ಉಲ್ಟಾ ಇರುತ್ತದೆ ಎಂಬುದು ನೆನಪಿರಲಿ. ಸ್ಪ್ಯಾನರನ್ನು ಪೆಡಲಿನಿಂದ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಸಡಿಲವಾಗುತ್ತವೆ. 15 ಎಂಎಂ ಸ್ಪ್ಯಾನರ್ ಹಿಡಿಯದಿದ್ದರೆ ಒಳಗಡೆಯಿಂದ 6 ಅಥವಾ 8 ಎಂಎಂ ಅಲೆನ್ ಕೀ.

ಗೇರು ಬದಲಿಸುವ ಹಿಂದಿನ ಡಿರೇಲರನ್ನು, ಅದು ನೇತಾಡುವ ಕೊಂಡಿಯಾದ ಹ್ಯಾಂಗರಿನಿಂದ ಕಳಚಿ, ಹಳೆ ಬೈರಾಸಿನಲ್ಲಿ ಸುತ್ತಿ, ಚೌಕಟ್ಟಿನ ಒಳಮಗ್ಗುಲಿಗೆ ಕಟ್ಟಿಬಿಡಿ. ಇದನ್ನು ಬಿಟ್ಟವರ ಹ್ಯಾಂಗರ್ ವಿಮಾನದಲ್ಲಿ ಬಾಗುತ್ತದೆ. ಬಾಗಿದ್ದು ಗೊತ್ತಾಗುವುದು ಮೊದಲ ಏರಿನಲ್ಲಿ, ಡಿರೇಲರ್ ಚಕ್ರದ ಕಡ್ಡಿಗಳೊಳಗೆ ನುಗ್ಗಿದಾಗ. ಒಂದೊಂದು ಸೈಕಲ್ಲಿಗೆ ಒಂದೊಂದು ಬಗೆಯ ಹ್ಯಾಂಗರ್, ಹಳ್ಳಿಯಲ್ಲಿ ಸಿಗುವ ವಸ್ತುವಲ್ಲ. ನಿಮ್ಮ ಮಾದರಿಯದ್ದೇ ಒಂದು ಹೆಚ್ಚುವರಿಯಾಗಿ ಚೀಲದಲ್ಲಿರಲಿ. ಮುಂದಿನ ಚಕ್ರ ತೆಗೆದ ಮೇಲೆ ಫೋರ್ಕಿನ ಎರಡು ತುದಿಗಳ ನಡುವೆ ಪ್ಲಾಸ್ಟಿಕ್ ಅಡ್ಡೆ ಕೊಡಿ. ಹೊಸ ಸೈಕಲ್ ಬರುವಾಗ ಅದು ಪೆಟ್ಟಿಗೆಯಲ್ಲೇ ಇರುತ್ತದೆ, ಅಂಗಡಿಯಲ್ಲಿ ಕೇಳಿದರೆ ಸುಮ್ಮನೆ ಕೊಡುತ್ತಾರೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ತುರುಕಿಡಿ. ಡಿಸ್ಕ್ ಇಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡ್ ಮುಚ್ಚಿಕೊಂಡು, ಅಲ್ಲಿ ಹೋಗಿ ಚಕ್ರವೇ ಕೂರುವುದಿಲ್ಲ. ಸೀಟಿನ ಎತ್ತರಕ್ಕೆ ಇನ್ಸುಲೇಷನ್ ಟೇಪಿನ ಗುರುತು ಹಾಕಿ.

ತೂಕದ ಮಿತಿ ಬಹುತೇಕ ಟಿಕೆಟುಗಳಲ್ಲಿ 23 ಕಿಲೊ. ಸೈಕಲ್ 13, ಪೆಟ್ಟಿಗೆ 4 ಎಂದರೆ ಬಟ್ಟೆಗೂ ಹತ್ಯಾರಿಗೂ 6 ಕಿಲೊ ಉಳಿಯಿತು. ಪವರ್ ಬ್ಯಾಂಕ್ ಕೈಚೀಲದಲ್ಲಿ, ಗಾಳಿ ತುಂಬುವ ಸಿಒಟು ಸಿಲಿಂಡರ್ ಮನೆಯಲ್ಲಿ. ಮಂಗಳೂರಿನಿಂದ ಹೊರಡುವ ಮೊದಲ ವಿಮಾನ ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನವಾಗಿದ್ದರೆ ಪೆಟ್ಟಿಗೆಯ ಅಳತೆ ಕೊಟ್ಟು ಮುಂಚೆಯೇ ಒಪ್ಪಿಗೆ ಪಡೆಯಿರಿ. ಇಲ್ಲದಿದ್ದರೆ ಪೆಟ್ಟಿಗೆಯನ್ನು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದು ಅಲ್ಲಿಂದ ಹಾರುವುದೇ ವಾಸಿ.

ದಾರಿ ಹೀಗೆ. ಬಾರಿ ಎಂಬ ನಗರದಿಂದ ಕಡಲ ಬದಿ ಹಿಡಿದು ಪೊಲಿನ್ಯಾನೊ, ಮೊನೊಪೊಲಿ. ಸುಮಾರು 45 ಕಿಲೋಮೀಟರ್, ಪೂರ್ತಿ ಸಮತಟ್ಟು. ಎಸ್ಎಸ್ 16 ಎಂಬ ದೊಡ್ಡ ಹೆದ್ದಾರಿಯ ಹಲವೆಡೆ ಸೈಕಲ್ಲಿಗೆ ನಿಷೇಧ ಉಂಟು, ಹಳೆಯ ತೀರದ ರಸ್ತೆಯಲ್ಲೇ ಇರಿ. ಮಾರನೆ ದಿನ ಕಡಲಿಗೆ ಬೆನ್ನು ಹಾಕಿ ಅಲ್ಬೆರೊಬೆಲ್ಲೊಗೆ ಏರಬೇಕು. ಅಲ್ಲಿನ ತ್ರುಲ್ಲಿ ಮನೆಗಳು ಗಾರೆಯಿಲ್ಲದೆ ಬರಿ ಕಲ್ಲು ಪೇರಿಸಿ, ಶಂಕುವಿನಂತೆ ಮಾಡು (ಛಾವಣಿ) ಎಬ್ಬಿಸಿದವು. ಮನೆಯ ಲೆಕ್ಕಕ್ಕೆ ಸುಂಕ ಬೀಳುತ್ತಿದ್ದ ಕಾಲದಲ್ಲಿ, ತನಿಖೆಯವರು ಬರುವ ಸುದ್ದಿ ಸಿಕ್ಕರೆ ಮಾಡನ್ನು ಬೇಗ ಕೆಡವಬಹುದಿತ್ತಂತೆ. 1996ರಲ್ಲಿ ಇವು ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಹಗಲೆಲ್ಲ ಬಸ್ಸುಗಳ ಜಾತ್ರೆ. ಬೆಳಿಗ್ಗೆ ಎಂಟರೊಳಗೆ ನೋಡಿ ಮುಗಿಸಿ. ನಿಜ ಹೇಳುವುದಾದರೆ ಅಲ್ಲಿಂದ ಲೊಕೊರೊತೊಂದೊ, ಚಿಸ್ತೆರ್ನಿನೊ ನಡುವಿನ ಕಿರುದಾರಿಗಳು ಅಲ್ಬೆರೊಬೆಲ್ಲೊಗಿಂತ ಚಂದ. ಎರಡೂ ಬದಿ ಕಲ್ಲಿನ ಪಾಗಾರ, ಒಳಗೆ ಆಲಿವ್, ಬಾದಾಮಿ, ಕೆಂಪು ಮಣ್ಣು. ಆ ಮಣ್ಣಿನ ಬಣ್ಣ ನೋಡಿದರೆ ಮೂಡುಬಿದಿರೆಯ ಹಿತ್ತಿಲು ನೆನಪಾಗುತ್ತದೆ, ಆದರೆ ಅಗೆದರೆ ಸಿಗುವುದು ಮುರಕಲ್ಲಲ್ಲ, ಬಿಳಿ ಸುಣ್ಣಕಲ್ಲು.

ಆ ಸುಣ್ಣಕಲ್ಲೇ ಅಲ್ಲಿನ ನೀರಿನ ಕತೆ. ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದುಹೋಗುವುದರಿಂದ ದಾರಿಯಲ್ಲಿ ಹೊಳೆ, ತೋಡು ಕಾಣಿಸುವುದೇ ಇಲ್ಲ. ಅಪೆನ್ನೈನ್ ಬೆಟ್ಟಗಳ ಆಚೆಯಿಂದ ನೀರು ತರಲು ಕಟ್ಟಿದ ಕಾಲುವೆ 1915ರಲ್ಲಿ ಬಾರಿ ಮುಟ್ಟಿತು. ಅದರ ನಿರ್ವಹಣೆಯ ದಾರಿಯ ಒಂದು ಭಾಗ ಈಗ ಸೈಕಲ್ ಹಾದಿ. ಚಿಸ್ತೆರ್ನಿನೊದಿಂದ ಚೆಲ್ಯೆ ಮೆಸ್ಸಾಪಿಕಾ ಕಡೆ ಹೋಗುವ ಈ ಜಲ್ಲಿ ದಾರಿ ವಾಹನವಿಲ್ಲದೆ ನಿಶ್ಶಬ್ದ. 35ರಿಂದ 40 ಎಂಎಂ ಟಯರು ಬೇಕು. ಸವಾರ, ಸಾಮಾನು ಸೇರಿ 85 ಕಿಲೊ ಇದ್ದರೆ ಹಿಂದೆ 55, ಮುಂದೆ 45 ಪಿಎಸ್ಐ ಗಾಳಿಯೊತ್ತಡ ಸರಿಯಾಗುತ್ತದೆ.

ಮುಂದೆ ಬಿಳಿ ಊರು ಒಸ್ತೂನಿ, ಇಳಿದು ಬ್ರಿಂದಿಸಿ, ಅಲ್ಲಿಂದ 40 ಕಿಲೋಮೀಟರಿಗೆ ಲೆಚ್ಚೆ. ಬ್ರಿಂದಿಸಿ ದಾಟಿದ ಮೇಲೆ ನೆರಳು ಇಲ್ಲ. 2013ರಲ್ಲಿ ಪತ್ತೆಯಾದ ಜೈಲೆಲ್ಲಾ ಬ್ಯಾಕ್ಟೀರಿಯಾ ಲಕ್ಷಾಂತರ ಆಲಿವ್ ಮರಗಳನ್ನು ಒಣಗಿಸಿಬಿಟ್ಟಿದೆ. ಹಳದಿ ಎಲೆ ರೋಗ ಹೊಕ್ಕ ಸುಳ್ಯದ ಅಡಿಕೆ ತೋಟ ಕಂಡವರಿಗೆ ಆ ನೋಟ ಹೊಸದಲ್ಲ. ಲೆಚ್ಚೆಯ ಹಳೆ ಪೇಟೆಯಲ್ಲಿ ಹಾಸುಗಲ್ಲು ಕಾಲು ಸವೆದು ಕನ್ನಡಿಯಾಗಿದೆ. ಮಳೆಹನಿ ಬಿದ್ದರೆ ಪಾಚಿಗಟ್ಟಿದ ನಮ್ಮ ಅಂಗಳದಂತೆಯೇ ಜಾರುತ್ತದೆ. ಇಳಿದು ತಳ್ಳಿಕೊಂಡು ಹೋಗಿ. ಒತ್ರಾಂತೊ ಕೆಥೆಡ್ರಲ್ಲಿನ ನೆಲದ ತುಂಬ 1163ರಿಂದ 1165ರಲ್ಲಿ ಜೋಡಿಸಿದ ಮೊಸಾಯಿಕ್ ಮರವೊಂದು ಹರಡಿದೆ. ಅದರ ಮುಂದೆ ಒಂದು ಗಂಟೆ ಕೂರದೆ ಮುಂದಕ್ಕೆ ಹೋಗುವುದು ತಪ್ಪು.

ಬೆವರಿನ ವಿಷಯದಲ್ಲಿ ಮೋಸಹೋಗುವವರು ನಾವೇ. ಇಲ್ಲಿ ಹತ್ತು ನಿಮಿಷಕ್ಕೆ ಅಂಗಿ ಒದ್ದೆಯಾಗುತ್ತದೆ, ಕುಡಿಯಬೇಕೆಂದು ದೇಹವೇ ಹೇಳುತ್ತದೆ. ಒಣ ಗಾಳಿಯಲ್ಲಿ ಬೆವರು ಬಂದದ್ದೇ ಆರುವುದರಿಂದ ಗೊತ್ತೇ ಆಗುವುದಿಲ್ಲ. ಸಂಜೆ ಅಂಗಿಯ ಬೆನ್ನಲ್ಲಿ ಬಿಳಿ ಉಪ್ಪಿನ ಗೆರೆ ಕಂಡಾಗ ತಲೆನೋವು ಶುರುವಾಗಿರುತ್ತದೆ. ಬಾಯಾರಿಕೆಗೆ ಕಾಯದೆ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯಿರಿ, ನಡುನಡುವೆ ಓಆರ್‌ಎಸ್. ಬೊಂಡದ ಅಂಗಡಿ ಎಲ್ಲಿಯೂ ಇಲ್ಲ. ಮಧ್ಯಾಹ್ನ ಒಂದರಿಂದ ನಾಲ್ಕೂವರೆಯ ತನಕ ಸಣ್ಣ ಊರುಗಳಲ್ಲಿ ಅಂಗಡಿ ಮುಚ್ಚಿರುತ್ತದೆ, ಭಾನುವಾರವಂತೂ ಕೇಳಬೇಡಿ. ಹನ್ನೆರಡಕ್ಕೇ ಚೌಕದ ಸಾರ್ವಜನಿಕ ನಲ್ಲಿಯಲ್ಲಿ ಎರಡು ಬಾಟಲಿ ತುಂಬಿಸಿ, ತಿಂಡಿ ಕಟ್ಟಿಸಿಕೊಳ್ಳಿ. ತರಾಲ್ಲಿ ಎಂದರೆ ಮೈದಾ, ಆಲಿವ್ ಎಣ್ಣೆಯ ಕೋಡುಬಳೆಯೇ, ವಾರಗಟ್ಟಲೆ ಕೆಡುವುದಿಲ್ಲ. ಬಾರ್ಲಿಯ ಗಟ್ಟಿ ರಸ್ಕಿನಂಥ ಫ್ರಿಸೆಲ್ಲೆ ಕೊಂಡು, ನೀರಲ್ಲಿ ಒಮ್ಮೆ ಅದ್ದಿ, ಟೊಮೆಟೊ ಉಜ್ಜಿ ತಿನ್ನಬಹುದು. ಸಸ್ಯಾಹಾರಿಗಳು ಸೊಪ್ಪಿನ ಒರೆಕ್ಕ್ಯೆತ್ತೆ ಪಾಸ್ತಾ ತರಿಸುವ ಮುಂಚೆ ಕೇಳಿ, ಅದರಲ್ಲಿ ಆಂಚೊವಿ ಮೀನು ಕರಗಿಸಿರುತ್ತಾರೆ. ಫಾವಾ ಕಾಳಿನ ಗೊಜ್ಜು, ಕಹಿ ಸೊಪ್ಪಿನ 'ಫಾವೆ ಎ ಚಿಕೋರಿಯಾ' ಹೆಚ್ಚಾಗಿ ನಿಶ್ಚಿಂತೆಯ ಊಟ.

ಪಂಕ್ಚರಿಗೆ ಕಾರಣ ಗಾಜಿಗಿಂತ ನೆಗ್ಗಿಲು ಮುಳ್ಳು. ಬಯಲುಸೀಮೆಯವರಿಗೆ ಅದು ಬಲ್ಲ ಗಿಡ, ನಮಗೆ ಅಷ್ಟಾಗಿ ಪರಿಚಯವಿಲ್ಲ. ರಸ್ತೆಯಂಚಿನ ಒಣ ಮಣ್ಣಿಗೆ ಚಕ್ರ ಇಳಿಸಿದರೆ ಒಂದೇ ಸಲ ನಾಲ್ಕೈದು ತೂತು. ಮುಳ್ಳು ಕೀಳದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಯಿತು. ಟಯರಿನ ಒಳಮೈಗೆ ಹತ್ತಿಯುಂಡೆ ಸವರಿ, ನೂಲು ಸಿಕ್ಕಿಕೊಂಡಲ್ಲಿ ಮುಳ್ಳು ಉಂಟು. ಟ್ಯೂಬಿಗೆ ಮೊದಲೇ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿದವರು ಗೆದ್ದರು.

ಬಲಬದಿಯ ಸಂಚಾರ ಎರಡು ದಿನದಲ್ಲಿ ರೂಢಿಯಾಗುತ್ತದೆ. ತಪ್ಪುವುದು ಬೆಳಿಗ್ಗೆ ಖಾಲಿ ರಸ್ತೆಗೆ ಇಳಿಯುವಾಗ, ಆಗ ಕಾಲು ತಾನಾಗಿ ಎಡಕ್ಕೆ ಹೋಗುತ್ತದೆ. ಬಾಡಿಗೆ ಸೈಕಲ್ಲಿನಲ್ಲಿ ಮುಂದಿನ ಬ್ರೇಕ್ ಸಾಮಾನ್ಯವಾಗಿ ಎಡಗೈಗೆ ಇರುತ್ತದೆ, ನಮ್ಮದಕ್ಕೆ ವಿರುದ್ಧ. ಊರ ಹೊರಗೆ ಕತ್ತಲಾದ ಮೇಲೂ ಸುರಂಗದಲ್ಲೂ ಮಿಂಚುವ ಜಾಕೆಟ್ ಅಲ್ಲಿ ಕಾನೂನು.

ಲೆಚ್ಚೆಯಿಂದ ಬಾರಿಗೆ ಮರಳಲು ಸೈಕಲ್ ಚಿತ್ರವಿರುವ ಪ್ರಾದೇಶಿಕ ರೈಲನ್ನೇ ಹತ್ತಿ. ವೇಗದ ರೈಲಿಗೆ ಬಿಚ್ಚಿ ಚೀಲಕ್ಕೆ ತುಂಬಿದರಷ್ಟೇ ಪ್ರವೇಶ. ಬಾರಿಯಲ್ಲಿ ಮೊದಲ ರಾತ್ರಿಗೂ ಕೊನೆಯ ರಾತ್ರಿಗೂ ಒಂದೇ ವಸತಿ ಹಿಡಿದು, ಖಾಲಿ ಪೆಟ್ಟಿಗೆ ಇಟ್ಟುಕೊಳ್ಳುವಿರಾ ಎಂದು ಇಲ್ಲಿಂದಲೇ ಬರೆದು ಕೇಳಿ. ಪ್ಲಾಸ್ಟಿಕ್ ಅಡ್ಡೆ, ರಟ್ಟು, ಟೇಪು ಎಲ್ಲ ಆ ಪೆಟ್ಟಿಗೆಯೊಳಗೇ ಇರಲಿ.