ಮಂಗಳ ಗ್ರಹದ ಒಂದು ಲೋಟ ನೀರು

2025 ಅಕ್ಟೋಬರ್ 19, ಭಾನುವಾರ
ಸೇಂಟ್ ಲೂಯಿಸ್

ನಾಳೆ ನರಕ ಚತುರ್ದಶಿ, ಇವತ್ತು ನೀರು ತುಂಬೋ ಹಬ್ಬ. ಇನ್ನೂ ನೀರು ತುಂಬಿಲ್ಲ. ಕಜ್ಜಾಯದ ಪಾಕ ಕೆಟ್ಟು ಅರ್ಧ ದಿನ ಅದರಲ್ಲೇ ಹೋಯಿತು. ನಿನ್ನೆ ಫುಲ್ಟನ್‌ಗೆ ಹೋಗಿ ಬಂದದ್ದನ್ನು ಈಗಲೇ ಬರೆಯದಿದ್ದರೆ ಹಬ್ಬದ ಗಲಾಟೆಯಲ್ಲಿ ಮರೆತೇಹೋಗುತ್ತದೆ. ಅದಕ್ಕೇ ಕೂತೆ.

ಇದೆಲ್ಲ ಶುರುವಾಗಿದ್ದು ಗುರುವಾರ ರಾತ್ರಿ ಊಟದ ಹೊತ್ತಿಗೆ. ಮಗ ತಟ್ಟೆ ಪಕ್ಕ ಫೋನ್ ಇಟ್ಟುಕೊಂಡು ಗ್ರಾಕ್ ಹತ್ತಿರ ಏನೋ ಕೇಳುತ್ತಿದ್ದ. ಹೋಂವರ್ಕ್ ಅಂತೆ. ‘ಗ್ರಾಕ್ ಅಂದ್ರೆ ಏನು ಗೊತ್ತೇನೋ?’ ಅಂದೆ. ‘ಎಐ ಹೆಸರು, ಅಷ್ಟೇ’ ಅಂದ. ‘ಅಲ್ಲ, ಮಂಗಳ ಗ್ರಹದ ಭಾಷೇಲಿ ಕುಡಿಯೋದು ಅಂತ.’ ಹದಿನಾಲ್ಕು ವರ್ಷದ ಹುಡುಗರು ಅಮ್ಮಂದಿರನ್ನು ನೋಡೋ ಒಂದು ನೋಟ ಇದೆಯಲ್ಲ, ಹಾಗೆ ನೋಡಿದ.

ನಾನೇನು ಸುಳ್ಳು ಹೇಳಿರಲಿಲ್ಲ. ಆ ಪದ ಹುಟ್ಟಿದ್ದು 1961ರಲ್ಲಿ ಬಂದ ರಾಬರ್ಟ್ ಹೈನ್‌ಲೈನ್ ಕಾದಂಬರಿಯಲ್ಲಿ, ‘ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್’. ನಾನು ಓದಿದ್ದು ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ. ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಕೊಂಡ, ರಟ್ಟು ಕಿತ್ತುಹೋದ ಪುಸ್ತಕ. ಮಂಗಳಕ್ಕೆ ಹೋದ ಮೊದಲ ತಂಡದವರೆಲ್ಲ ಸತ್ತು, ಅಲ್ಲೇ ಹುಟ್ಟಿದ ಒಂದು ಕೂಸು ಮಾತ್ರ ಉಳಿಯುತ್ತದೆ. ಮಂಗಳದವರೇ ಅದನ್ನು ಸಾಕುತ್ತಾರೆ. ದೊಡ್ಡವನಾದ ಮೇಲೆ ಅವನನ್ನು ಭೂಮಿಗೆ ಕರೆತರುತ್ತಾರೆ. ನಮ್ಮ ದುಡ್ಡು, ಹೊಟ್ಟೆಕಿಚ್ಚು, ಪೂಜೆ, ಯಾವುದರ ತಲೆಬುಡವೂ ಅವನಿಗೆ ತಿಳಿಯುವುದಿಲ್ಲ. ಈ ಕಥೆಯ ಎಳೆ ಕೊಟ್ಟವರು ಹೈನ್‌ಲೈನ್ ಹೆಂಡತಿ ವರ್ಜೀನಿಯಾ, 1948ರಲ್ಲಿ. ಮೌಗ್ಲಿ ಥರದ ಕಥೆ, ಆದರೆ ತೋಳಗಳ ಜಾಗದಲ್ಲಿ ಬೇರೆ ಗ್ರಹದವರು. ಮಧ್ಯಪ್ರದೇಶದ ಸಿವನಿ ಕಾಡಿನ ಹುಡುಗ ಹೀಗೆ ಅಮೆರಿಕಕ್ಕೆ ಬಂದು ಮಂಗಳಕ್ಕೆ ಹಾರಿಬಿಟ್ಟ.

ಗ್ರಾಕ್ ಅಂದರೆ ಕುಡಿಯೋದು, ಅದು ಮೇಲಿನ ಅರ್ಥ. ಒಂದು ವಿಷಯ ನಮ್ಮೊಳಗೆ ಇಳಿದು, ಅದು ಬೇರೆ ನಾನು ಬೇರೆ ಅಲ್ಲ ಅನ್ನೋಷ್ಟು ಗೊತ್ತಾಗೋದು ಒಳಗಿನ ಅರ್ಥ. ನಾನು ಇದನ್ನು ಹತ್ತು ನಿಮಿಷ ಬಿಡಿಸಿ ಹೇಳಿದೆ. ಅಪ್ಪ ಅನ್ನಕ್ಕೆ ಮಜ್ಜಿಗೆ ಬಿಟ್ಟುಕೊಳ್ಳುತ್ತಾ, ‘ಅರೆದು ಕುಡಿಯೋದು ಅನ್ನು’ ಅಂದರು. ಅಷ್ಟೇ, ಮುಗೀತು.

‘ಈ ಕಾದಂಬರಿ ಓದಿ ಒಂದು ಮತಾನೇ ಕಟ್ಟಿದ್ದಾರೆ. ಇಲ್ಲೇ, ನಮ್ಮ ಮಿಸೌರಿಯಲ್ಲೇ’ ಅಂದೆ. ಮಗ ನಂಬಲಿಲ್ಲ. ಗ್ರಾಕ್‌ನ ಕೇಳಿದ. ಅದು ಹೌದು ಅಂದಿತು. ಆಮೇಲೆ ನಂಬಿದ. ಮತಗಳು ಹುಟ್ಟೋದು ಹೀಗೇ ಇರಬೇಕು.

ಫುಲ್ಟನ್ ಇಲ್ಲಿಂದ ಸುಮಾರು 160 ಕಿಲೋಮೀಟರ್. ಐ-70 ಹಿಡಿದು ಪಶ್ಚಿಮಕ್ಕೆ ಹೋಗಿ ಕಿಂಗ್‌ಡಮ್ ಸಿಟಿ ಅನ್ನೋ ಪುಟ್ಟ ಊರಲ್ಲಿ ಎಡಕ್ಕೆ ತಿರುಗಬೇಕು. ಅಲ್ಲಿನ ವೆಸ್ಟ್‌ಮಿನ್‌ಸ್ಟರ್ ಕಾಲೇಜು ಹೆಸರು ಮಾಡಿರೋದು ಚರ್ಚಿಲ್‌ನಿಂದ. 1946ರಲ್ಲಿ ಅವನು ‘ಕಬ್ಬಿಣದ ಪರದೆ’ ಭಾಷಣ ಮಾಡಿದ್ದು ಅಲ್ಲೇ. ಅದರ ನೆನಪಿಗೆ ಲಂಡನ್ನಿನಿಂದ ಒಂದು ಇಡೀ ಚರ್ಚನ್ನೇ ತಂದು ನಿಲ್ಲಿಸಿದ್ದಾರೆ. 1940ರ ಬಾಂಬ್ ದಾಳಿಯಲ್ಲಿ ಸುಟ್ಟು ಗೋಡೆ ಮಾತ್ರ ಉಳಿದಿದ್ದ ಚರ್ಚು. ಸುಮಾರು 7,000 ಕಲ್ಲುಗಳನ್ನು ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸಿ 1969ರಲ್ಲಿ ತೆರೆದರು. ಅಪ್ಪ ಗೋಡೆ ಮೇಲೆ ಕೈಯಾಡಿಸಿದರು. ‘ಹಳೇಬೀಡಿಂದ ಗುಡಿ ಕಿತ್ತು ತಂದಂಗೆ ಆಯ್ತಲ್ಲಮ್ಮ. ಕಲ್ಲು ತಂದ್ರೆ ದೇವ್ರೂ ಬರ್ತಾನಾ?’ ಅಂದರು.

ನಾನು ನೋಡಲು ಹೋಗಿದ್ದು ಆ ಚರ್ಚಲ್ಲ. ಆ ಕಲ್ಲುಗಳು ಬರೋಕೆ ಮುಂಚೆಯೇ ಅದೇ ಕಾಲೇಜಿನಲ್ಲಿ ಇನ್ನೊಂದು ಚರ್ಚು ಹುಟ್ಟಿತ್ತು. ಅದಕ್ಕೆ ಗೋಡೆ ಇರಲಿಲ್ಲ. ಅದರ ಹೆಸರಿನ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ.

1962 ಏಪ್ರಿಲ್ 7. ಟಿಮ್ ಝೆಲ್, ಲ್ಯಾನ್ಸ್ ಕ್ರಿಸ್ಟಿ, ಇಬ್ಬರೂ ಅಲ್ಲಿ ಓದುತ್ತಿದ್ದ ಹುಡುಗರು. ಹೈನ್‌ಲೈನ್ ಕೂಡ ಮಿಸೌರಿಯವನೇ, ಬಟ್ಲರ್ ಅನ್ನೋ ಊರಲ್ಲಿ ಹುಟ್ಟಿದವನು. ಅವನ ಕಾದಂಬರಿ ಇವರ ತಲೆಗೆ ಹತ್ತಿತ್ತು. ಕಥೆಯ ಮಂಗಳದಲ್ಲಿ ನೀರಿಗೆ ಬರ. ಅಲ್ಲಿ ಒಬ್ಬರ ಜೊತೆ ನೀರು ಹಂಚಿಕೊಂಡು ಕುಡಿದರೆ ಸಾಯೋವರೆಗೂ ಬಿಡದ ನಂಟು. ಅವತ್ತು ಈ ಇಬ್ಬರು ಹಾಗೇ ನೀರು ಹಂಚಿಕೊಂಡು ಕುಡಿದರು. ಅಷ್ಟೇ. ಆಮೇಲೆ ಗೆಳೆಯರು ಸೇರಿದರು. ಗುಂಪಿಗೆ ಮೊದಲು ‘ಆಟ್ಲ್’ ಅಂತ ಹೆಸರಿಟ್ಟರು. ಮೆಕ್ಸಿಕೋದ ನಹುವಾಟ್ಲ್ ಭಾಷೆಯಲ್ಲಿ ಅದೂ ನೀರೇ. 1968ರಲ್ಲಿ ಝೆಲ್ ಅದನ್ನು ‘ಚರ್ಚ್ ಆಫ್ ಆಲ್ ವರ್ಲ್ಡ್ಸ್’ ಅಂತ ನೋಂದಾಯಿಸಿದ. ಆ ಹೆಸರು ಕಾದಂಬರಿಯದ್ದು. ಒಂದೊಂದು ಗುಂಪಿಗೆ ‘ಗೂಡು’ ಅನ್ನೋದು, ಸದಸ್ಯರು ಏರಬೇಕಾದ ಒಂಬತ್ತು ಸುತ್ತುಗಳು, ಎದುರಿಗಿರುವವರಿಗೆ ‘ನೀನೇ ದೇವರು’ ಅನ್ನೋದು, ಎಲ್ಲ ಅಲ್ಲಿಂದಲೇ. ನೀರಿನ ಬಟ್ಟಲು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ‘ನಿನಗೆಂದೂ ಬಾಯಾರದಿರಲಿ’ ಅನ್ನುತ್ತಾರೆ. ಕುಡಿಯುತ್ತಾರೆ.

‘ತೆರಿಗೆ ವಿನಾಯ್ತಿ ಸಿಕ್ತಾ?’ ಇದು ಅಪ್ಪನ ಮೊದಲ ಪ್ರಶ್ನೆ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 31 ವರ್ಷ ಇದ್ದವರು. ಸಿಕ್ಕಿತು, 1970ರಲ್ಲಿ ಅಮೆರಿಕದ ಕೇಂದ್ರ ತೆರಿಗೆ ಇಲಾಖೆಯಿಂದ. ಆದರೆ ಮಿಸೌರಿಯ ಕಂದಾಯ ಇಲಾಖೆ ತಕರಾರು ತೆಗೆಯಿತು. ಇವರಿಗೆ ಸ್ವರ್ಗ, ನರಕ, ಪಾಪ, ಸತ್ತ ಮೇಲಿನ ಗತಿ, ಯಾವುದರ ಚಿಂತೆಯೂ ಮುಖ್ಯ ಅಲ್ಲ, ಹಾಗಾಗಿ ಇದು ಮತ ಅಲ್ಲ ಅಂತ. ಕೆಲವು ವರ್ಷಗಳ ಮೇಲೆ ಆ ತೀರ್ಮಾನ ಬಿದ್ದುಹೋಯಿತು. ಅಪ್ಪನಿಗೆ ಇಡೀ ದಿನದಲ್ಲಿ ಜಾಸ್ತಿ ಖುಷಿ ಕೊಟ್ಟದ್ದು ಇದೇ. ‘ನರಕ ಇಲ್ದಿದ್ರೆ ವಿನಾಯ್ತಿ ಇಲ್ಲ! ಆ ಫೈಲ್ ನಾನು ನೋಡ್ಬೇಕಿತ್ತು ಕಣಮ್ಮ.’

ಮಗನ ಪ್ರಶ್ನೆ ಬೇರೆ. ‘ಅವ್ರು ಮಂಗಳದಲ್ಲಿ ನಿಜವಾಗ್ಲೂ ಜನ ಇದ್ದಾರೆ ಅಂತ ನಂಬಿದ್ರಾ?’

ಇಲ್ಲ. ಕಥೆ ಅಂತ ಗೊತ್ತಿದ್ದೇ ಮಾಡಿದರು.

‘ಹಾಗಾದ್ರೆ ಅದು ಫ್ಯಾನ್ ಕ್ಲಬ್ ಅಮ್ಮ, ಧರ್ಮ ಅಲ್ಲ.’

ಇದಕ್ಕೆ ಅಲ್ಲೇ ಉತ್ತರ ಹೊಳೆಯಲಿಲ್ಲ. ಬರುವಾಗ ಕಾರು ಓಡಿಸುತ್ತಾ ಯೋಚಿಸಿದೆ. ಫ್ಯಾನ್ ಕ್ಲಬ್ ಅಂದರೆ ಜೆಡಾಯ್‌ಗಳು. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 3,90,127 ಜನ ಧರ್ಮದ ಕಾಲಮ್ಮಿನಲ್ಲಿ ‘ಜೆಡಾಯ್’ ಅಂತ ಬರೆದರು. ‘ಸ್ಟಾರ್ ವಾರ್ಸ್’ ಸಿನಿಮಾದ ಯೋಧರು. ಹೆಚ್ಚಿನವರಿಗೆ ಸುಮ್ನೆ ತಮಾಷೆ. ಹತ್ತು ವರ್ಷ ಬಿಟ್ಟು ನೋಡಿದರೆ ಅರ್ಧಕ್ಕೂ ಕಡಿಮೆ. 2021ಕ್ಕೆ ಎರಡು ಸಾವಿರವೂ ಇಲ್ಲ. ಅವರಲ್ಲಿ ನಿಜವಾಗಿ ಧ್ಯಾನ, ನಿಯಮ ಅಂತ ಪಾಲಿಸೋರೂ ಇದ್ದಾರೆ. ಅಂಥದ್ದೊಂದು ಸಂಘ ದತ್ತಿ ಸಂಸ್ಥೆಯಾಗಿ ನೋಂದಣಿ ಕೇಳಿ, 2016ರಲ್ಲಿ ಇಲ್ಲ ಅನ್ನಿಸಿಕೊಂಡಿತು. ಅಷ್ಟು ಲಕ್ಷ ಜನ ಒಂದು ಕಾಲಮ್ ತುಂಬಿದರು, ಪೆನ್ ಮುಚ್ಚಿದರು. ಸಂಜೆ ಒಟ್ಟಿಗೆ ಮಾಡೋಕೆ ಅವರಿಗೆ ಏನೂ ಇರಲಿಲ್ಲ.

ಸೈಂಟಾಲಜಿ ಅನ್ನೋ ಅಮೆರಿಕದ ಮತವನ್ನು ಎಲ್ಲರೂ ಇಲ್ಲಿಗೆ ಎಳೆದು ತರುತ್ತಾರೆ. ಅದನ್ನು ಕಟ್ಟಿದ ರಾನ್ ಹಬ್ಬರ್ಡ್ ವಿಜ್ಞಾನ ಕಥೆಗಾರ, ನಿಜ. ಮನಸ್ಸು ಸರಿಮಾಡೋ ವಿಧಾನ ಅಂತ ಅವನು ಹೇಳಿದ ‘ಡಯನೆಟಿಕ್ಸ್’ ಮೊದಲು ಬೆಳಕು ಕಂಡದ್ದು 1950ರ ಮೇ ತಿಂಗಳಲ್ಲಿ, ಒಂದು ವಿಜ್ಞಾನ ಕಥಾ ಪತ್ರಿಕೆಯಲ್ಲಿ, ಅದೂ ನಿಜ. ಆದರೆ ಅವನು ಅದನ್ನು ಕಥೆ ಅಂತ ಕೊಡಲಿಲ್ಲ, ವಿಜ್ಞಾನ ಅಂತ ಕೊಟ್ಟ. ಚರ್ಚು ಬಂದದ್ದು ಆಮೇಲೆ, 1953ರ ಕೊನೆಗೆ. ತೆರಿಗೆ ಇಲಾಖೆ ಜೊತೆ ವರ್ಷಗಟ್ಟಲೆ ಗುದ್ದಾಡಿ 1993ರಲ್ಲಿ ವಿನಾಯಿತಿ ಮರಳಿ ಪಡೆದರು. (ಅಪ್ಪ ಇದನ್ನೂ ಬರೆದುಕೊಂಡರು.) ನನ್ನ ಪ್ರಶ್ನೆ ಅದಲ್ಲ. ಕಥೆ ಅಂತ ಗೊತ್ತಿದ್ದೂ ಜನ ಅದರೊಳಗೆ ಹೊಕ್ಕು ಬದುಕಬಹುದಾ ಅನ್ನೋದು.

ಗೊತ್ತಿಲ್ಲದೆ ಹೊಕ್ಕವರೂ ಇದ್ದಾರೆ. 1997ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಹತ್ತಿರ ‘ಹೆವೆನ್ಸ್ ಗೇಟ್’ ಗುಂಪಿನ 39 ಜನ ಪ್ರಾಣ ಬಿಟ್ಟರು. ಧೂಮಕೇತುವಿನ ಹಿಂದೆ ಆಕಾಶನೌಕೆ ಬರುತ್ತಿದೆ ಅಂತ ನಂಬಿದ್ದರು. ತೋಳಿನ ಪಟ್ಟಿಯಲ್ಲಿ ‘ಅವೇ ಟೀಮ್’ ಅಂತ ಇತ್ತು, ‘ಸ್ಟಾರ್ ಟ್ರೆಕ್’ ಧಾರಾವಾಹಿಯಲ್ಲಿ ನೌಕೆಯಿಂದ ಇಳಿದು ಹೋಗೋ ತಂಡಕ್ಕೆ ಅನ್ನೋ ಮಾತು. ಇದನ್ನು ಮಗನಿಗೆ ಹೇಳಬೇಕಾ ಬೇಡವಾ ಅಂತ ಯೋಚಿಸಿ, ಕೊನೆಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಕಿಟಕಿ ಆಚೆ ನೋಡುತ್ತಾ ಕೂತ.

ಫುಲ್ಟನ್ನಿನಲ್ಲಿ ಇನ್ನೊಂದು ಆಯಿತು, ಬರೆಯಲೇಬೇಕು. ಮಧ್ಯಾಹ್ನ ಕಾರಿನ ಪಕ್ಕ ನಿಂತು ಚಿತ್ರಾನ್ನ ತಿಂದೆವು. ಇದ್ದದ್ದು ಒಂದೇ ನೀರಿನ ಬಾಟಲಿ. ಅಪ್ಪ ಎತ್ತಿ ಕುಡಿದರು. ಮಗ ಕಚ್ಚಿ ಕುಡಿದ. ಆಮೇಲೆ ಅಪ್ಪ ಆ ಬಾಟಲಿ ಮುಟ್ಟಲಿಲ್ಲ. ಬೈಯಲೂ ಇಲ್ಲ, ಸುಮ್ಮನೆ ‘ನಂಗೆ ಸಾಕು’ ಅಂದರು. ‘ಆ ಚರ್ಚಲ್ಲಿ ಎಲ್ರೂ ಒಂದೇ ಬಟ್ಟಲಲ್ಲಿ ಕುಡೀತಿದ್ರು ಅಂದ್ಯಲ್ಲ, ಎಂಜಲಲ್ವಾ?’

ಆ ಎಂಜಲು ಅನ್ನೋ ಮಾತು ಕೇಳಿದಾಗ ನನಗೆ ಕಾದಂಬರಿ ಇನ್ನೊಂದು ಥರ ಕಂಡಿತು. ಹೈನ್‌ಲೈನ್ ನೀರಿಗೆ ಬರ ತಂದ, ಅದಕ್ಕೇ ಅದು ಪವಿತ್ರ ಆಯಿತು. ನಮ್ಮೂರಲ್ಲಿ ನೀರಿಗೆ ಬರ ಇರಲಿಲ್ಲ. ಬಾವಿ ತುಂಬ ಇತ್ತು. ಅಜ್ಜಿ ತೋಟದ ಕೆಲಸಕ್ಕೆ ಬಂದವರಿಗೆ ಚೆಂಬು ಎತ್ತಿ ಹಿಡಿದು ಮೇಲಿಂದ ಹೊಯ್ಯುತ್ತಿದ್ದರು. ಅವರು ಬಗ್ಗಿ ಬೊಗಸೆಯಲ್ಲಿ ಹಿಡಿದು ಕುಡಿಯುತ್ತಿದ್ದರು. ಮೊಣಕೈಯಿಂದ ನೀರು ಸೋರೋದು. ನಾನು ಐದಾರು ವರ್ಷದವಳು, ಅದೊಂದು ಆಟ ಅಂದುಕೊಂಡು ನನಗೂ ಹಾಗೇ ಹೊಯ್ಯಿ ಅಂತ ಕೇಳಿ ಬೈಸಿಕೊಂಡಿದ್ದೆ. 1927ರಲ್ಲಿ ಅಂಬೇಡ್ಕರ್ ಮಹಾಡದ ಕೆರೆಗಿಳಿದು ಒಂದು ಬೊಗಸೆ ನೀರು ಕುಡಿದದ್ದಕ್ಕೆ ಎಷ್ಟು ದೊಡ್ಡ ಗಲಾಟೆ ಆಯಿತು ಅಂತ ನಮಗೆಲ್ಲ ಗೊತ್ತಲ್ಲ. ಗುರುತಿಲ್ಲದ ಇಬ್ಬರು ಒಂದೇ ಲೋಟ ಕಚ್ಚಿ ಕುಡಿದು ಬಂಧುಗಳಾಗೋದು ಮಿಸೌರಿಯ ಹುಡುಗರಿಗೆ ಚಂದದ ಕಲ್ಪನೆ ಇದ್ದಿರಬಹುದು. ನನಗೆ ಮಾತ್ರ ಅದು ಮಂಗಳದ ಕಥೆ ಅನ್ನಿಸಲೇ ಇಲ್ಲ.

ಮಗನಿಗೆ ಉತ್ತರ ಅಲ್ಲೇ ಇದೆ ಅನ್ನಿಸುತ್ತದೆ. ಮಂಗಳದವರು ಆ ಮತದಿಂದ ಬೇಗ ಮಾಯ ಆದರು. ಕೆಲವೇ ವರ್ಷಗಳಲ್ಲಿ ಝೆಲ್ ಭೂಮಿಯೇ ಒಂದು ಜೀವ, ಅದೇ ತಾಯಿ ಅನ್ನೋ ಕಡೆ ಹೊರಳಿದ. 1968ರಲ್ಲಿ ಶುರು ಮಾಡಿದ ‘ಗ್ರೀನ್ ಎಗ್’ ಪತ್ರಿಕೆ ಪ್ರಕೃತಿ ಪೂಜಕರನ್ನೆಲ್ಲ ಒಂದು ಕಡೆ ಸೇರಿಸಿತು. ಕಥೆ ಹಿಂದೆ ಸರಿಯಿತು, ಬಟ್ಟಲು ಉಳಿಯಿತು. ನಂಬಿಕೆ ಮೊದಲು, ಆಚರಣೆ ಆಮೇಲೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲಿ ಉಲ್ಟಾ. ಮೊದಲು ಮಾಡಿದರು, ಏನು ನಂಬಬೇಕು ಅಂತ ಆಮೇಲೆ ಹುಡುಕಿಕೊಂಡರು.

ಹಾಗಂತ ನಾನು ಆ ಮತದ ವಕೀಲೆ ಅಲ್ಲ. ಒಳಜಗಳಗಳು ಅಲ್ಲೂ ಬೇಕಾದಷ್ಟು ಆಗಿವೆ. ಝೆಲ್ ಮಾಡಿದ್ದರಲ್ಲಿ ನಾಟಕವೂ ಸಾಕಷ್ಟು. ಎಳೆಯ ಹೋತಮರಿಯ ಎರಡು ಕೊಂಬಿನ ಮೊಳಕೆಯನ್ನೂ ಹಣೆಯ ನಡುವಿಗೆ ತಂದು, ಒಂದೇ ಕೊಂಬು ಬೆಳೆಯೋ ಹಾಗೆ ಮಾಡಿ, ‘ನೋಡಿ ಯೂನಿಕಾರ್ನ್’ ಅಂತ ತೋರಿಸಿದ. 1980ರ ದಶಕದ ನಡುವೆ ಒಂದು ದೊಡ್ಡ ಸರ್ಕಸ್ಸಿನವರು ಅಂಥವನ್ನು ಊರೂರು ಸುತ್ತಿಸಿದರು. ಪುಸ್ತಕದಿಂದ ಮತ ತೆಗೆದವನು ಹೋತದಿಂದ ಯೂನಿಕಾರ್ನ್ ತೆಗೆಯೋದರಲ್ಲಿ ಏನು ಆಶ್ಚರ್ಯ! ಪಾಪದ ಮರಿಗೆ ನೋವಾಗಿರಲ್ವಾ ಅಂತ ಮಗ ಕೇಳಿದ. ಒಳ್ಳೆ ಪ್ರಶ್ನೆ.

ಈ ಎಲ್ಲದರಲ್ಲಿ ನನಗೆ ಮರುಕ ಹುಟ್ಟಿದ್ದು ಹೈನ್‌ಲೈನ್ ಮೇಲೆ. ನೌಕಾಪಡೆಯಲ್ಲಿದ್ದ ಶಿಸ್ತಿನ ಮನುಷ್ಯ. ತಾನು ಬರೆದದ್ದು ಪ್ರಶ್ನೆ ಎತ್ತೋಕೆ, ಉತ್ತರ ಕೊಡೋಕಲ್ಲ ಅಂತ ಹೇಳುತ್ತಲೇ ಇದ್ದ. ಕಾದಂಬರಿಯಲ್ಲೇ ಮತ ಕಟ್ಟೋರನ್ನು ಚೆನ್ನಾಗಿ ಲೇವಡಿ ಮಾಡಿದ್ದಾನೆ. ಜನ ಆ ಪುಟಗಳನ್ನು ಹಾರಿಸಿ ಓದಿದರೋ ಏನೋ. ಕ್ಯಾಲಿಫೋರ್ನಿಯಾದ ಅವನ ಮನೆ ಬಾಗಿಲಿಗೇ ಬರತೊಡಗಿದರು. ಕೊನೆಗೆ ಅವನು ಮನೆ ಸುತ್ತ ಬೇಲಿ ಹಾಕಿಸಿಕೊಂಡ. ಗುರು ಆಗಲ್ಲ ಅಂತ ಬೇಲಿ ಹಾಕಿಕೊಂಡವರು ನಮ್ಮ ಕಡೆ ಯಾರಾದರೂ ಇದ್ದಾರಾ?

ಗಂಟೆ ಒಂಬತ್ತೂವರೆ. ನೀರು ತುಂಬಬೇಕು. ಊರಲ್ಲಾಗಿದ್ದರೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಬಳ್ಳಿ ಸುತ್ತಿ, ಪೂಜೆ ಮಾಡಿ ತುಂಬಿಸೋದು. ಇಲ್ಲಿ ಹಂಡೆ ಇಲ್ಲ. ಇಪ್ಪತ್ತು ಲೀಟರಿನ ಸ್ಟೀಲ್ ಪಾತ್ರೆಗೆ ಅರಿಶಿನ ಕುಂಕುಮ ಇಟ್ಟು ಬಚ್ಚಲಿನಲ್ಲಿ ಇಡುತ್ತೇನೆ. ಬಿಸಿನೀರು ಹೇಗೂ ನಲ್ಲಿಯಲ್ಲೇ ಬರುತ್ತದೆ. ನರಕಾಸುರನನ್ನು ನಾನು ನಂಬ್ತೀನಾ ಅಂತ ಯಾರೂ ಇವತ್ತಿನವರೆಗೆ ಕೇಳಿಲ್ಲ.

ಮಗ ಬಚ್ಚಲಿಂದ ಕೂಗುತ್ತಿದ್ದಾನೆ. ಪಾತ್ರೆ ತುಂಬಿತಂತೆ, ನಲ್ಲಿ ನಿಲ್ಲಿಸ್ಲಾ ಅಂತ ಕೇಳುತ್ತಿದ್ದಾನೆ. ಅರಿಶಿನ ಹಚ್ಚೋಕೆ ಮುಂಚೆಯೇ ತುಂಬಿಸಿಬಿಟ್ಟಿದ್ದಾನೆ. ಅಪ್ಪ ಆಗಲೇ ಎದ್ದು ಹೋದರು, ಹೂವು ಎಲ್ಲಿ ಅಂತ ಕೇಳುತ್ತಾ.